ಸಿಂಹಳದ ಬಡಮಕ್ಕಳ ವಿದ್ಯಾದಾತ ಕನ್ನಂಗರ

ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ದೇವಾಲಯದ ಮಗ್ಗುಲಲ್ಲಿಯೇ ನಿಂತಿರುವ ಶಾಲೆಯನ್ನು ನೆನೆಯದೆ ಹೋದರೆ ನಮ್ಮ ಸ್ಮರಣೆ ಅಪೂರ್ಣವಾಗುತ್ತದೆ. ನಮ್ಮ ನಾಡಿನ ಹಳೆಯ ಧರ್ಮಕೇಂದ್ರಗಳಲ್ಲಿ ಗಂಟೆಗೋಪುರದ ನೆರಳು ಬೀಳುವಷ್ಟು ದೂರದಲ್ಲಿ ಒಂದು ಪಾಠಶಾಲೆ ಇರುವುದು ವಾಡಿಕೆ. ಪೂಜೆಗೆ ಕರೆಯುವ ಗಂಟೆಯೂ ಪಾಠಕ್ಕೆ ಕರೆಯುವ ಗಂಟೆಯೂ ನಮ್ಮ ಹಿರಿಯರ ಕಿವಿಗೆ ಒಂದೇ ಧ್ವನಿಯಾಗಿ ಕೇಳಿಸುತ್ತಿದ್ದವು. ಆದರೆ ಆ ಎರಡನೆಯ ಗಂಟೆಯ ಕರೆಗೆ ಓಗೊಡಲು ಎಲ್ಲ ಮನೆಯ ಮಕ್ಕಳಿಗೂ ಸಾಧ್ಯವಾಗುತ್ತಿತ್ತೇ? ಪ್ರಾಥಮಿಕ ತರಗತಿಗಳನ್ನು ಮುಗಿಸಿದ ಕೂಲಿಕಾರರ ಮಗನಿಗೆ, ಮೀನುಗಾರರ ಮಗಳಿಗೆ, ಪ್ರೌಢಶಾಲೆಯ ಮೆಟ್ಟಿಲು ಎಟುಕುತ್ತಿತ್ತೇ? ಈ ಪ್ರಶ್ನೆಯನ್ನು ತನ್ನ ಬಾಳಿನ ಪ್ರಶ್ನೆಯನ್ನಾಗಿ ಮಾಡಿಕೊಂಡು, ಉತ್ತರ ದೊರೆಯುವವರೆಗೂ ಸುಮ್ಮನಿರದ ಮಹನೀಯರೊಬ್ಬರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಬಯಸುತ್ತೇವೆ. ಅವರು ನೆರೆಯ ಶ್ರೀಲಂಕೆಯ ಸಿ. ಡಬ್ಲ್ಯೂ. ಡಬ್ಲ್ಯೂ. ಕನ್ನಂಗರ. ತಮ್ಮ ದೇಶದಲ್ಲಿ ಅವರಿಗೆ ಉಚಿತ ಶಿಕ್ಷಣದ ಪಿತಾಮಹರೆಂಬ ಬಿರುದು ಇಂದಿಗೂ ಸಲ್ಲುತ್ತಿದೆ.

ಕನ್ನಂಗರ ಕಥೋಲಿಕರಲ್ಲ. ಅಷ್ಟೇ ಅಲ್ಲ, ಅವರ ಯೋಜನೆಯನ್ನು ಅಂದಿನ ಸಿಂಹಳದ ಕಥೋಲಿಕ ಸಭೆಯ ನಾಯಕರು ವಿರೋಧಿಸಿದ್ದರು. ಅಂಥವರ ಜೀವನವನ್ನು ದೇವಾಲಯದ ಸಂಚಿಕೆಯಲ್ಲಿ ಏಕೆ ಬರೆಯಬೇಕೆಂದು ಕೆಲವರು ಕೇಳಬಹುದು. ನಮ್ಮವರನ್ನು ಮಾತ್ರ ಹೊಗಳಿಕೊಳ್ಳುವುದರಿಂದ ಮನಸ್ಸಿಗೆ ಹಿತವಾಗುತ್ತದೆ; ನಮ್ಮೊಡನೆ ಭಿನ್ನಾಭಿಪ್ರಾಯ ಹೊಂದಿದ್ದ ಸಜ್ಜನರನ್ನು ಅರಿಯುವುದರಿಂದ ಬುದ್ಧಿ ಬೆಳೆಯುತ್ತದೆ. ಅದಲ್ಲದೆ ಸಿಂಹಳ ನಮಗೆ ಹೊರಗಿನದೇನೂ ಅಲ್ಲ. ಕೆನರಾ ಪ್ರಾಂತದಲ್ಲಿ 1681ರಿಂದ 1684ರವರೆಗೆ ಸೇವೆ ಸಲ್ಲಿಸಿ, ಗಂಗೊಳ್ಳಿ, ಕುಂದಾಪುರ, ಬಸರೂರುಗಳ ಕ್ರೈಸ್ತರನ್ನು ಸಂತೈಸಿದ ಗೋವೆಯ ಗುರು ಜೋಸೆಫ್ ವಾಸ್ ಅವರೇ 1687ರಲ್ಲಿ ವೇಷ ಮರೆಸಿಕೊಂಡು ಸಿಂಹಳಕ್ಕೆ ಹೋಗಿ, ಡಚ್ಚರ ಹಿಂಸೆಯಿಂದ ಚದುರಿಹೋಗಿದ್ದ ಕಥೋಲಿಕ ಸಭೆಯನ್ನು ಮರಳಿ ಕಟ್ಟಿದರು. 1711ರಲ್ಲಿ ಕ್ಯಾಂಡಿಯಲ್ಲಿ ದೈವಾಧೀನರಾದ ಅವರನ್ನು 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅವರು ಕೊಲಂಬೊ ನಗರದಲ್ಲಿ ಸಂತರೆಂದು ಸಾರಿದರು. ಮಂಗಳೂರಿನ ಸಮೀಪದ ಮುಡಿಪುವಿನಲ್ಲಿ ಅವರ ನೆನಪು ಇನ್ನೂ ಹಸಿರಾಗಿದೆ. ಆ ಸಂತರು ನಡೆದಾಡಿದ ಎರಡು ನೆಲಗಳ ನಡುವೆ ಇರುವ ಬಾಂಧವ್ಯವನ್ನು ನೆನೆದು, ಈ ಕಥೆಯನ್ನು ನಮ್ಮ ವಾಚಕರ ಮುಂದಿಡುತ್ತಿದ್ದೇವೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕ್ರಿಸ್ಟೋಫರ್ ವಿಲಿಯಂ ವಿಜೆಕೂನ್ ಕನ್ನಂಗರ ಅವರು 1884ರ ಅಕ್ಟೋಬರ್ 13ರಂದು ಸಿಂಹಳದ ದಕ್ಷಿಣ ಕರಾವಳಿಯ ಅಂಬಲಂಗೊಡ ಪಟ್ಟಣದ ಬಳಿಯ ರಂದೊಂಬೆ ಗ್ರಾಮದಲ್ಲಿ ಜನಿಸಿದರು. ಸಿರಿವಂತಿಕೆಯಿಲ್ಲದ ದೊಡ್ಡ ಸಂಸಾರ. ಮಗನನ್ನು ದೂರದ ಊರಿನ ಹೆಸರಾಂತ ಆಂಗ್ಲ ಶಾಲೆಗೆ ಶುಲ್ಕ ತೆತ್ತು ಕಳುಹಿಸುವುದು ಅಂಥ ಮನೆಗೆ ಸುಲಭದ ಮಾತಾಗಿರಲಿಲ್ಲ. ಬಾಲಕನು ಅಂಬಲಂಗೊಡದ ವೆಸ್ಲಿಯನ್ ಮಿಷನ್ ಶಾಲೆಯಲ್ಲಿ ಓದತೊಡಗಿದನು. ಅವನ ಬುದ್ಧಿ ಚುರುಕು. ಲೆಕ್ಕದಲ್ಲಂತೂ ಅವನಿಗೆ ಸರಿಸಾಟಿಯಾದವರೇ ಇರಲಿಲ್ಲ.

ಆ ಶಾಲೆಯ ಬಹುಮಾನ ವಿತರಣೆಯ ದಿನ ನಡೆದ ಪ್ರಸಂಗವೊಂದನ್ನು ಅವರ ಜೀವನ ಚರಿತ್ರೆಯನ್ನು ಬರೆದವರೆಲ್ಲರೂ ಹೇಳಿದ್ದಾರೆ. ಅಂದು ಮುಖ್ಯ ಅತಿಥಿಯಾಗಿ ಬಂದವರು ಗಾಲೆ ನಗರದ ರಿಚ್ಮಂಡ್ ಕಾಲೇಜಿನ ಪ್ರಾಂಶುಪಾಲರಾದ ಪಾದ್ರಿ ಜೇಮ್ಸ್ ಹೊರೇಸ್ ಡ್ಯಾರೆಲ್. ಒಂದರ ಹಿಂದೊಂದು ಬಹುಮಾನಕ್ಕೆ ಒಬ್ಬನೇ ಬಾಲಕನ ಹೆಸರು ಬರುತ್ತಿರುವುದನ್ನು ಕಂಡು, ಈ ಪುಸ್ತಕಗಳನ್ನೆಲ್ಲ ಮನೆಗೆ ಸಾಗಿಸಲು ಇವನಿಗೊಂದು ಎತ್ತಿನ ಗಾಡಿಯೇ ಬೇಕಾದೀತೆಂದು ಅವರು ನಗೆಯಾಡಿದರಂತೆ. ನಗೆಯಾಡಿ ಅಷ್ಟಕ್ಕೇ ಬಿಡಲಿಲ್ಲ; ಆ ಬಾಲಕನಿಗೆ ತಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಕೊಡಿಸಿ ಗಾಲೆಗೆ ಕರೆದುಕೊಂಡರು. ಒಬ್ಬ ಗುರುವಿನ ಕಣ್ಣು ಒಬ್ಬ ಬಾಲಕನ ಮೇಲೆ ಬಿದ್ದ ಆ ದಿನವು ಮುಂದೆ ಒಂದು ದೇಶದ ಚರಿತ್ರೆಯ ದಿಕ್ಕನ್ನೇ ಬದಲಿಸಿತೆಂದರೆ ಉತ್ಪ್ರೇಕ್ಷೆಯಾಗಲಾರದು.

ರಿಚ್ಮಂಡ್ ಕಾಲೇಜಿನಲ್ಲಿ ಕನ್ನಂಗರ ಪಾಠದಲ್ಲಿಯೂ ಆಟದಲ್ಲಿಯೂ ಮುಂದಾಳಾದರು. 1903ರಲ್ಲಿ ಕಾಲೇಜಿನ ಕ್ರಿಕೆಟ್ ತಂಡದ ನಾಯಕರಾಗಿದ್ದರು. ಅದೇ ವರ್ಷ ಕೇಂಬ್ರಿಜ್ ಸೀನಿಯರ್ ಪರೀಕ್ಷೆಯ ಅಂಕಗಣಿತದಲ್ಲಿ ಸಿಂಹಳಕ್ಕೆ ಮಾತ್ರವಲ್ಲದೆ ಬ್ರಿಟಿಷ್ ಸಾಮ್ರಾಜ್ಯಕ್ಕೇ ಮೊದಲಿಗರಾಗಿ ತೇರ್ಗಡೆಯಾದರೆಂದು ಚರಿತ್ರಕಾರರು ಬರೆದಿದ್ದಾರೆ. 1906ರಲ್ಲಿ ಊರಿಗೆ ವಿಷಮಶೀತಜ್ವರ ಬಂದಾಗ ಕಾಯಿಲೆ ಬಿದ್ದ ವಿದ್ಯಾರ್ಥಿಗಳ ಆರೈಕೆಗೆ ನಿಂತ ಡ್ಯಾರೆಲ್ ಅವರು ತಾವೇ ಆ ಜ್ವರಕ್ಕೆ ತುತ್ತಾಗಿ ತೀರಿಕೊಂಡರು. ಶಿಷ್ಯರಿಗಾಗಿ ಪ್ರಾಣವನ್ನೇ ತೆತ್ತ ಗುರುವಿನ ಋಣವನ್ನು ಕನ್ನಂಗರ ಬದುಕಿನುದ್ದಕ್ಕೂ ಮರೆಯಲಿಲ್ಲ. ತನ್ನ ಪಾಲಿಗೆ ಬಂದ ಅದೃಷ್ಟವು ಗ್ರಾಮದ ಇತರ ಮಕ್ಕಳ ಪಾಲಿಗೆ ಏಕೆ ಬರಲಿಲ್ಲವೆಂಬ ಚಿಂತೆ ಅವರನ್ನು ಕಾಡಿದ್ದರೆ ಆಶ್ಚರ್ಯವಿಲ್ಲ. ಡ್ಯಾರೆಲ್ ಅವರಂಥವರು ಎಲ್ಲ ಊರುಗಳಿಗೂ ಬಂದು ಹೋಗುವುದಿಲ್ಲವಷ್ಟೆ.

ಉಪಾಧ್ಯಾಯ, ವಕೀಲ, ಜನಪ್ರತಿನಿಧಿ

ಕಲಿತ ಕಾಲೇಜಿನಲ್ಲಿಯೇ ಕನ್ನಂಗರ ಗಣಿತದ ಉಪಾಧ್ಯಾಯರಾದರು. ಮುಂದೆ ಮೊರಟುವದ ಪ್ರಿನ್ಸ್ ಆಫ್ ವೇಲ್ಸ್ ಕಾಲೇಜಿನಲ್ಲಿಯೂ ಕೊಲಂಬೊದ ವೆಸ್ಲಿ ಕಾಲೇಜಿನಲ್ಲಿಯೂ ಪಾಠ ಹೇಳುತ್ತ, ಅದರ ಜೊತೆಯಲ್ಲಿಯೇ ಕಾನೂನನ್ನು ಅಭ್ಯಾಸ ಮಾಡಿ, 1910ರಲ್ಲಿ ವಕೀಲರಾಗಿ ಗಾಲೆಯಲ್ಲಿ ನೆಲೆಸಿದರು. 1915ರಲ್ಲಿ ದ್ವೀಪದಲ್ಲಿ ಮತೀಯ ಗಲಭೆಗಳು ಸಂಭವಿಸಿ, ಬ್ರಿಟಿಷ್ ಸರ್ಕಾರವು ಸೇನಾಶಾಸನವನ್ನು ಹೇರಿ ಅನೇಕರನ್ನು ಸೆರೆಹಿಡಿದಾಗ, ಬಂಧಿತರ ಪರವಾಗಿ ನ್ಯಾಯಾಲಯದಲ್ಲಿ ನಿಂತು ವಾದಿಸಿದವರಲ್ಲಿ ಅವರೂ ಒಬ್ಬರು. ಇದರಿಂದ ಜನತೆಯ ವಿಶ್ವಾಸ ಅವರಿಗೆ ಲಭಿಸಿತು. 1919ರಲ್ಲಿ ಸ್ಥಾಪಿತವಾದ ಸಿಲೋನ್ ರಾಷ್ಟ್ರೀಯ ಕಾಂಗ್ರೆಸ್ಸಿನಲ್ಲಿ ದುಡಿದು ಮುಂದೆ ಅದರ ಅಧ್ಯಕ್ಷರೂ ಆದರು. 1923ರಲ್ಲಿ ಶಾಸನ ಸಭೆಯನ್ನು ಪ್ರವೇಶಿಸಿದರು. ಮಿಷನ್ ಶಾಲೆಗಳಲ್ಲಿ ಬೆಳೆದ ಅವರು ಮುಂದೆ ಬೌದ್ಧ ಧರ್ಮವನ್ನು ಅನುಸರಿಸಿದರು.

1931ನೆಯ ಇಸವಿಯು ಸಿಂಹಳದ ಚರಿತ್ರೆಯಲ್ಲಿ ದೊಡ್ಡ ತಿರುವು. ಡೊನೊಮೋರ್ ಸಂವಿಧಾನದ ಪ್ರಕಾರ ಆ ವರ್ಷ ಗಂಡಸರು, ಹೆಂಗಸರು ಎಂಬ ಭೇದವಿಲ್ಲದೆ ವಯಸ್ಕರಿಗೆಲ್ಲ ಮತದಾನದ ಹಕ್ಕು ದೊರೆಯಿತು. ಏಷ್ಯಾ ಖಂಡದ ವಸಾಹತುಗಳಲ್ಲಿ ಈ ಹಕ್ಕನ್ನು ಮೊದಲು ಪಡೆದ ನಾಡು ಅದೇ. ಹೊಸ ರಾಜ್ಯ ಸಭೆಗೆ ಗಾಲೆಯಿಂದ ಆಯ್ಕೆಯಾದ ಕನ್ನಂಗರ ಶಿಕ್ಷಣ ಸಮಿತಿಯ ಅಧ್ಯಕ್ಷರಾಗಿ, ತನ್ಮೂಲಕ ಶಿಕ್ಷಣ ಮಂತ್ರಿಗಳಾದರು. 1936ರಲ್ಲಿ ಮತುಗಮ ಕ್ಷೇತ್ರದಿಂದ ಮರಳಿ ಆರಿಸಿಬಂದರು. ಒಟ್ಟು 16 ವರ್ಷ, ಅಂದರೆ 1947ರವರೆಗೆ, ಅದೇ ಖಾತೆಯನ್ನು ಬಿಡದೆ ನಿರ್ವಹಿಸಿದರು. ಒಂದು ಕಾರ್ಯವನ್ನು ಕೈಗೆತ್ತಿಕೊಂಡು ಅದರಲ್ಲಿಯೇ ಬೇರೂರುವ ಅವಕಾಶ ರಾಜಕಾರಣಿಗಳಿಗೆ ದೊರೆಯುವುದು ವಿರಳ. ದೊರೆತ ಅವಕಾಶವನ್ನು ಅವರು ವ್ಯರ್ಥಗೊಳಿಸಲಿಲ್ಲ.

ಎರಡು ಬಗೆಯ ಶಾಲೆಗಳು

ಅಂದಿನ ಸಿಂಹಳದಲ್ಲಿ ಎರಡು ಬಗೆಯ ಶಾಲೆಗಳಿದ್ದವು. ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಕಲಿಸುವ ಗ್ರಾಮಶಾಲೆಗಳು ಒಂದು ಬಗೆ. ಅಲ್ಲಿ ಶುಲ್ಕವಿರಲಿಲ್ಲ; ಭವಿಷ್ಯವೂ ಇರಲಿಲ್ಲ. ಅಲ್ಲಿ ಚೆನ್ನಾಗಿ ಓದಿದವನು ಹೆಚ್ಚೆಂದರೆ ಅದೇ ಬಗೆಯ ಶಾಲೆಯ ಉಪಾಧ್ಯಾಯನಾಗಬಹುದಿತ್ತು, ಇಲ್ಲವೆ ನಾಟಿ ವೈದ್ಯನಾಗಬಹುದಿತ್ತು. ಆಂಗ್ಲ ಶಾಲೆಗಳು ಇನ್ನೊಂದು ಬಗೆ. ಪಟ್ಟಣಗಳಲ್ಲಿ, ಬಹುಮಟ್ಟಿಗೆ ಕ್ರೈಸ್ತ ಸಂಸ್ಥೆಗಳ ಆಡಳಿತದಲ್ಲಿ, ಸರ್ಕಾರದ ಸಹಾಯಧನದಿಂದಲೂ ವಿದ್ಯಾರ್ಥಿಗಳ ಶುಲ್ಕದಿಂದಲೂ ಅವು ನಡೆಯುತ್ತಿದ್ದವು. ಸರ್ಕಾರಿ ಹುದ್ದೆ, ವಕೀಲಿ, ವೈದ್ಯಕೀಯ, ಎಲ್ಲಕ್ಕೂ ಹಾದಿ ಆ ಶಾಲೆಗಳ ಬಾಗಿಲಿನ ಮೂಲಕವೇ ಹಾಯ್ದುಹೋಗುತ್ತಿತ್ತು.

ಹೀಗೆ ಮಗು ಹುಟ್ಟಿದ ಮನೆಯೇ ಅದರ ಮುಂದಿನ ಬದುಕನ್ನು ನಿರ್ಣಯಿಸಿಬಿಡುತ್ತಿತ್ತು. ತಂದೆಯ ಜೇಬಿನಲ್ಲಿ ಹಣವಿದ್ದರೆ ಪ್ರೌಢಶಿಕ್ಷಣ. ಇಲ್ಲವಾದರೆ ಹೊಲ, ದೋಣಿ, ತೆಂಗಿನ ತೋಟ. ವಯಸ್ಕರೆಲ್ಲರಿಗೂ ಮತದಾನದ ಹಕ್ಕನ್ನು ಕೊಟ್ಟ ಮೇಲೆ ಅವರ ಮಕ್ಕಳಿಗೆ ವಿದ್ಯೆಯನ್ನು ಕೊಡದಿದ್ದರೆ ಆ ಹಕ್ಕಿಗೆ ಅರ್ಥವೇನೆಂಬುದು ಕನ್ನಂಗರ ಅವರ ವಿಚಾರಸರಣಿಯಾಗಿತ್ತು. ಅಕ್ಷರ ಕಲಿಸಿ ಕೈಬಿಡುವುದರಿಂದ ಬಡವನ ಬದುಕು ಬದಲಾಗದು, ಪ್ರೌಢಶಿಕ್ಷಣವು ಅವನಿಗೆ ದೊರೆತಾಗಲೇ ಸಮಾನತೆಯ ಮಾತು ನಿಜವಾಗುತ್ತದೆ ಎಂಬುದನ್ನು ಅವರು ಮನಗಂಡಿದ್ದರು.

ಮಧ್ಯ ಮಹಾವಿದ್ಯಾಲಯಗಳು

ಕಾನೂನಿಗಾಗಿ ಕಾಯುತ್ತ ಕೂಡದೆ ಅವರು ಮೊದಲು ಕಣ್ಣಿಗೆ ಕಾಣುವ ಕೆಲಸವನ್ನು ಆರಂಭಿಸಿದರು. 1939ರಲ್ಲಿ ಹೊಸ ಶಿಕ್ಷಣ ಶಾಸನ ಜಾರಿಗೆ ಬಂದಿತು. ಅದರ ಬೆನ್ನಲ್ಲೇ, 1940ರ ದಶಕದ ಆದಿಭಾಗದಲ್ಲಿ, ಮತುಗಮದಲ್ಲಿ ಮೊದಲ್ಗೊಂಡು ಗ್ರಾಮಾಂತರ ಪ್ರದೇಶಗಳಲ್ಲಿ ಮಧ್ಯ ಮಹಾವಿದ್ಯಾಲಯಗಳೆಂಬ ದೊಡ್ಡ ಪ್ರೌಢಶಾಲೆಗಳು ತಲೆಯೆತ್ತಿದವು. ಪಟ್ಟಣದ ಶ್ರೀಮಂತ ಕಾಲೇಜುಗಳಲ್ಲಿ ಏನೇನಿತ್ತೋ ಅದೆಲ್ಲವೂ ಹಳ್ಳಿಯ ಮಕ್ಕಳಿಗೂ ಇರಬೇಕೆಂಬುದು ಅವುಗಳ ಉದ್ದೇಶ. ವಿಜ್ಞಾನದ ಪ್ರಯೋಗಾಲಯ, ಗ್ರಂಥಾಲಯ, ಆಟದ ಮೈದಾನ, ಕೈಕಸುಬು ಮತ್ತು ವ್ಯವಸಾಯದ ಶಿಕ್ಷಣ, ದೂರದ ಮಕ್ಕಳಿಗೆ ವಿದ್ಯಾರ್ಥಿನಿಲಯ, ಇಷ್ಟನ್ನೂ ಒಂದೇ ಆವರಣದಲ್ಲಿ ಒದಗಿಸುವ ಪ್ರಯತ್ನ ನಡೆಯಿತು.

ಇದಕ್ಕೆ ಕೀಲಿಕೈಯಾಗಿ ಬಂದದ್ದು ಐದನೆಯ ತರಗತಿಯ ವಿದ್ಯಾರ್ಥಿವೇತನ ಪರೀಕ್ಷೆ. ಗ್ರಾಮಶಾಲೆಗಳ ಚುರುಕು ಮಕ್ಕಳನ್ನು ಈ ಪರೀಕ್ಷೆಯ ಮೂಲಕ ಆರಿಸಿ, ಮಹಾವಿದ್ಯಾಲಯಕ್ಕೆ ಸೇರಿಸಿ, ಅವರ ಊಟ ವಸತಿಗಳ ವೆಚ್ಚವನ್ನು ಸರ್ಕಾರವೇ ವಹಿಸಿಕೊಳ್ಳುತ್ತಿತ್ತು. ಡ್ಯಾರೆಲ್ ಅವರು ಒಬ್ಬ ಕನ್ನಂಗರನಿಗೆ ಮಾಡಿದ ಉಪಕಾರವನ್ನು ಶಿಷ್ಯನು ಸಾವಿರಾರು ಮಕ್ಕಳಿಗೆ ನಿಯಮಬದ್ಧವಾಗಿ ದೊರಕುವಂತೆ ಮಾಡಿದನೆಂದು ನಾವು ಹೇಳಬಹುದು. ಶಾಲಾಶುಲ್ಕವನ್ನು ಮನ್ನಾ ಮಾಡಿದ ಮಾತ್ರಕ್ಕೆ ಬಡ ಮಗು ಓದಲಾರದು. ಅದಕ್ಕೆ ಅನ್ನವೂ ಬೇಕು, ಮಲಗಲು ಜಾಗವೂ ಬೇಕು ಎಂಬ ವಿವೇಕ ಈ ಏರ್ಪಾಡಿನಲ್ಲಿ ಅಡಗಿತ್ತು. ಅವರು ಅಧಿಕಾರವನ್ನು ಬಿಡುವ ಹೊತ್ತಿಗೆ ಇಂತಹ 54 ಮಹಾವಿದ್ಯಾಲಯಗಳು ಸ್ಥಾಪಿತವಾಗಿದ್ದವು.

ಶುಲ್ಕವಿಲ್ಲದ ಶಿಕ್ಷಣ

1940ರಲ್ಲಿ ಇಡೀ ಶಿಕ್ಷಣ ಕ್ರಮವನ್ನು ಪರಿಶೀಲಿಸಲು ವಿಶೇಷ ಸಮಿತಿಯೊಂದು ರಚಿತವಾಯಿತು. ಕನ್ನಂಗರ ಅವರೇ ಅದರ ಅಧ್ಯಕ್ಷರು. ಮೂರು ವರ್ಷಗಳ ಚರ್ಚೆಯ ನಂತರ 1943ರಲ್ಲಿ ಹೊರಬಂದ ಅದರ ವರದಿಯು ದೇಶದಲ್ಲಿ ಸಂಚಲನವನ್ನುಂಟುಮಾಡಿತು. ಶಿಶುವಿಹಾರದಿಂದ ವಿಶ್ವವಿದ್ಯಾನಿಲಯದವರೆಗೆ ಶುಲ್ಕವಿಲ್ಲದ ಶಿಕ್ಷಣ, ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆಯ ಮಾಧ್ಯಮ, ಎಲ್ಲ ಮಕ್ಕಳಿಗೂ ಆಂಗ್ಲ ಭಾಷೆಯ ಬೋಧನೆ, ಶಾಲೆಗಳಲ್ಲಿ ಧರ್ಮಬೋಧನೆ, ಉಪಾಧ್ಯಾಯರ ಸಂಬಳದ ಹೊಣೆ ಸರ್ಕಾರಕ್ಕೆ, ಇವು ಅದರ ಮುಖ್ಯ ಶಿಫಾರಸುಗಳು. ಈ ಕೀರ್ತಿ ಒಬ್ಬರಿಗೇ ಸಲ್ಲತಕ್ಕದ್ದಲ್ಲ. ಸಮಿತಿಯ ಒಳಗೆ ಎ. ರತ್ನಾಯಕೆ ಮೊದಲಾದ ಸದಸ್ಯರ ಒತ್ತಾಸೆಯೂ, ಹೊರಗೆ ಗ್ರಾಮಶಾಲೆಗಳ ಉಪಾಧ್ಯಾಯರ ಹಾಗೂ ಭಿಕ್ಷುಗಳ ಬೆಂಬಲವೂ ಇದ್ದವು. ಆದರೆ ವರದಿಯನ್ನು ಕಪಾಟಿನಲ್ಲಿ ಮಲಗಲು ಬಿಡದೆ ಶಾಸನವಾಗುವವರೆಗೆ ಹೊತ್ತು ನಡೆದವರು ಕನ್ನಂಗರ.

ವಿರೋಧವೇನೂ ಕಡಿಮೆಯಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲ. ಇಷ್ಟು ಹಣ ಎಲ್ಲಿಂದ ಬರಬೇಕೆಂದು ಕೆಲವರು ಕೇಳಿದರು. ಎಲ್ಲರೂ ಓದಿದರೆ ತೆಂಗಿನಕಾಯಿ ಕೀಳುವವರು ಯಾರು, ಗದ್ದೆ ಉಳುವವರು ಯಾರು ಎಂದು ಉಳ್ಳವರು ಗೊಣಗಿದರು. ಮಂತ್ರಿಗಳಲ್ಲಿಯೇ ಹಿಂಜರಿಕೆಯಿತ್ತು. 1944ರ ಮೇ ತಿಂಗಳಿನಲ್ಲಿ ರಾಜ್ಯ ಸಭೆಯ ಮುಂದೆ ಬಂದ ಪ್ರಸ್ತಾಪವು ದೀರ್ಘ ಚರ್ಚೆಗೆ ಒಳಗಾಯಿತು. ಕೊನೆಗೆ 1945ರ ಅಕ್ಟೋಬರ್ 1ರಿಂದ ಉಚಿತ ಶಿಕ್ಷಣ ಜಾರಿಗೆ ಬಂದಿತು. ಅದಕ್ಕೆ ಸಂಬಂಧಿಸಿದ ತಿದ್ದುಪಡಿ ಶಾಸನಕ್ಕೆ 1947ರ ಮೇ ತಿಂಗಳಿನಲ್ಲಿ ಅಂಗೀಕಾರ ದೊರೆಯಿತು. ದೇಶವಿನ್ನೂ ಸ್ವತಂತ್ರವಾಗಿರಲಿಲ್ಲ, 1948ರ ಫೆಬ್ರವರಿಯಲ್ಲಿ ಸ್ವಾತಂತ್ರ್ಯ ಬರುವ ಮೊದಲೇ ಪ್ರೌಢಶಾಲೆಯ ಬಾಗಿಲು ಬಡವರಿಗೆ ತೆರೆದಿತ್ತು.

ನಮ್ಮ ಸಭೆಯ ಆತಂಕ

ಈಗ ನಮಗೆ ನೇರವಾಗಿ ಸಂಬಂಧಿಸಿದ ಸಂಗತಿಗೆ ಬರೋಣ. ಸಿಂಹಳದ ಕಥೋಲಿಕ ಸಭೆಯು ತನ್ನ ಶಾಲೆಗಳನ್ನು ಕಲ್ಲು ಕಲ್ಲು ಕೂಡಿಸಿ ಕಟ್ಟಿತ್ತು. ಗುರುಗಳೂ ಕನ್ಯಾಸ್ತ್ರೀಯರೂ ಸಹೋದರರೂ ಅವುಗಳಿಗಾಗಿ ಜೀವಮಾನವನ್ನು ಸವೆಸಿದ್ದರು. ಶುಲ್ಕವನ್ನು ನಿಲ್ಲಿಸಿ ಸರ್ಕಾರದ ಸಂಬಳವನ್ನು ಒಪ್ಪಿಕೊಂಡರೆ, ಇಂದು ಸಂಬಳ ಕೊಡುವವರು ನಾಳೆ ಉಪಾಧ್ಯಾಯರನ್ನೂ ತಾವೇ ನೇಮಿಸುವರು, ನಾಡಿದ್ದು ಶಾಲೆಯನ್ನೇ ವಶಪಡಿಸಿಕೊಳ್ಳುವರು ಎಂಬ ಭಯ ಸಭೆಯ ಹಿರಿಯರಿಗಿತ್ತು. ಮಕ್ಕಳ ಶಿಕ್ಷಣವನ್ನು ಆರಿಸುವ ಮೊದಲ ಹಕ್ಕು ತಾಯಿತಂದೆಯರದೆಂಬುದು ಸಭೆಯ ಸನಾತನ ಬೋಧನೆ. ಕೊಲಂಬೊದ ಸಂತ ಜೋಸೆಫರ ಕಾಲೇಜಿನ ರೆಕ್ಟರರೂ ಮೇಧಾವಿಗಳೂ ಆಗಿದ್ದ ಫಾದರ್ ಪೀಟರ್ ಪಿಳ್ಳೈ ಅವರು ಈ ಪಕ್ಷವನ್ನು ಬಹು ಸಮರ್ಥವಾಗಿ ಮಂಡಿಸಿದರು.

ಸರ್ಕಾರವು ಖಾಸಗಿ ಶಾಲೆಗಳನ್ನು ಒಮ್ಮೆಗೇ ಬಲವಂತಪಡಿಸಲಿಲ್ಲ. ಯೋಜನೆಗೆ ಸೇರಿದ ಶಾಲೆಗಳಿಗೆ ಉಪಾಧ್ಯಾಯರ ಸಂಬಳ ದೊರೆಯುವುದೆಂದೂ, ಸೇರದ ಶಾಲೆಗಳು ಗಡುವಿನ ನಂತರ ಸಹಾಯಧನವಿಲ್ಲದೆ ಶುಲ್ಕದಿಂದಲೇ ನಡೆಯಬೇಕೆಂದೂ ತೀರ್ಮಾನವಾಯಿತು. ಗಡುವು ಮುಂದುಮುಂದಕ್ಕೆ ಹೋಗಿ 1951ಕ್ಕೆ ನಿಂತಿತು. ಅಷ್ಟರಲ್ಲಿ ಹೆಚ್ಚಿನ ಶಾಲೆಗಳು ಯೋಜನೆಯ ಒಳಗೆ ಬಂದಿದ್ದವು. ಆಡಳಿತವು ಸಭೆಯ ಕೈಯಲ್ಲಿಯೇ ಉಳಿಯಿತು. ಬಡ ಮಕ್ಕಳಿಗೆ ಶುಲ್ಕದ ಹೊರೆ ಇಳಿಯಿತು. ಕೆಲವು ವರ್ಷ ಈ ಹೊಂದಾಣಿಕೆ ನಡೆಯಿತು.

ಆದರೆ ಹಿರಿಯರ ಆತಂಕ ನಿರಾಧಾರವಾಗಿರಲಿಲ್ಲವೆಂಬುದನ್ನೂ ಚರಿತ್ರೆ ತೋರಿಸಿತು. ಕನ್ನಂಗರ ಅವರು ರಾಜಕೀಯದಿಂದ ನಿವೃತ್ತರಾದ ಮೇಲೆ, ಸಿರಿಮಾವೊ ಬಂಡಾರನಾಯಿಕೆ ಅವರ ಸರ್ಕಾರವು 1960 ಮತ್ತು 1961ರ ಶಾಸನಗಳಿಂದ ಸಹಾಯಧನ ಪಡೆಯುತ್ತಿದ್ದ ಶಾಲೆಗಳನ್ನು ವಹಿಸಿಕೊಂಡಿತು. ಅನೇಕ ಊರುಗಳಲ್ಲಿ ಕಥೋಲಿಕ ತಾಯಿತಂದೆಯರು ತಮ್ಮ ಶಾಲೆಗಳ ಒಳಗೆ ಹಗಲಿರುಳು ಕುಳಿತು ಪ್ರತಿಭಟಿಸಿದರು. 1961ರ ಜನವರಿಯಲ್ಲಿ ಮುಂಬಯಿಯ ಕಾರ್ಡಿನಲ್ ವಲೇರಿಯನ್ ಗ್ರೇಸಿಯಸ್ ಅವರು ಕೊಲಂಬೊಗೆ ಹೋಗಿ, ಕೊಲಂಬೊದ ಮಹಾಧರ್ಮಾಧ್ಯಕ್ಷರಾದ ಥಾಮಸ್ ಕೂರೆ ಅವರೊಡನೆಯೂ ಸರ್ಕಾರದೊಡನೆಯೂ ಮಾತನಾಡಿ, ರಕ್ತಪಾತಕ್ಕೆ ಎಡೆಯಾಗದಂತೆ ಸಂಧಾನಕ್ಕೆ ನೆರವಾದರು. ಕೆಲವು ದೊಡ್ಡ ಕಾಲೇಜುಗಳು ಮಾತ್ರ ಸಹಾಯಧನವನ್ನು ತ್ಯಜಿಸಿ ಸಭೆಯ ಕೈಯಲ್ಲಿ ಉಳಿದುಕೊಂಡವು, ಉಳಿದವು ಕೈಬಿಟ್ಟುಹೋದವು.

ಹಾಗಾದರೆ ಯಾರು ಸರಿ, ಯಾರು ತಪ್ಪು? ನಮ್ಮ ಅಲ್ಪಮತಿಗೆ ತೋರುವುದಿಷ್ಟು. ಶಾಲೆಯನ್ನು ಕಸಿದುಕೊಂಡದ್ದು ಉಚಿತ ಶಿಕ್ಷಣದ ಅನಿವಾರ್ಯ ಫಲವಾಗಿರಲಿಲ್ಲ. ಸಂಬಳವನ್ನು ಸರ್ಕಾರ ಕೊಟ್ಟು, ಆಡಳಿತವನ್ನು ಸಭೆ ನಡೆಸುವ ಏರ್ಪಾಡು ನಮ್ಮ ಕರ್ನಾಟಕದ ಅನುದಾನಿತ ಶಾಲೆಗಳಲ್ಲಿ ನಡೆದುಬಂದಿದೆಯಲ್ಲವೆ? ಹೀಗಾಗಿ 1961ರ ಅನ್ಯಾಯವನ್ನು 1945ರ ನ್ಯಾಯದ ತಲೆಗೆ ಕಟ್ಟುವುದು ಸರಿಯಲ್ಲ. ಅತ್ತ, ನೆಗೊಂಬೊ, ಚಿಲಾವ್ ಕರಾವಳಿಗಳ ಕಥೋಲಿಕ ಬೆಸ್ತರ ಮಕ್ಕಳೂ ಬಡವರೇ ಆಗಿದ್ದರು. ಶುಲ್ಕ ಪಡೆಯುವ ಶಾಲೆಯ ಸ್ವಾತಂತ್ರ್ಯವನ್ನು ಕಾಯುವ ಭರದಲ್ಲಿ, ಆ ಶಾಲೆಯ ಹೊರಗೆ ನಿಂತಿದ್ದ ನಮ್ಮದೇ ಮಕ್ಕಳ ಕಡೆಗೆ ನಾಯಕರ ದೃಷ್ಟಿ ಸಾಕಷ್ಟು ಹರಿಯಲಿಲ್ಲವೆಂದು ವಿನಯದಿಂದ ಒಪ್ಪಿಕೊಳ್ಳಬೇಕಾಗುತ್ತದೆ. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತ ಶಿಕ್ಷಣವನ್ನು ಕುರಿತು ಹೊರಡಿಸಿದ ಘೋಷಣೆಯಲ್ಲಿ ಈ ಎರಡು ಸತ್ಯಗಳೂ ಅಕ್ಕಪಕ್ಕದಲ್ಲಿ ನಿಂತಿವೆ. ತಾಯಿತಂದೆಯರ ಹಕ್ಕನ್ನು ಅದು ಎತ್ತಿಹಿಡಿಯಿತು. ಪ್ರತಿಯೊಬ್ಬ ಮನುಷ್ಯನಿಗೂ ಶಿಕ್ಷಣದ ಹಕ್ಕಿದೆಯೆಂದೂ ಕಥೋಲಿಕ ಶಾಲೆಗಳು ಬಡವರನ್ನು ವಿಶೇಷವಾಗಿ ಪರಾಮರಿಸಬೇಕೆಂದೂ ಬೋಧಿಸಿತು. ಫಾದರ್ ಪಿಳ್ಳೈ ಅವರೂ ಕೇವಲ ವಿರೋಧದಲ್ಲಿಯೇ ಕಾಲ ಕಳೆದವರಲ್ಲ. 1954ರಲ್ಲಿ ಉನ್ನತ ಶಿಕ್ಷಣಕ್ಕಾಗಿ ಕೊಲಂಬೊದಲ್ಲಿ ಅಕ್ವೈನಾಸ್ ಕಾಲೇಜನ್ನು ಸ್ಥಾಪಿಸಿದರು. ಸಜ್ಜನರ ಜಗಳದಲ್ಲಿ ಎರಡು ಕಡೆಯೂ ಸತ್ಯದ ಅಂಶವಿರುವುದುಂಟು.

ಸೋಲು ಮತ್ತು ಕೊನೆಯ ದಿನಗಳು

ಬಡವರಿಗೆ ಬಾಗಿಲನ್ನು ತೆರೆದವರಿಗೆ ಲೋಕವು ಏನನ್ನು ಕೊಟ್ಟಿತು? 1947ರ ಮಹಾಚುನಾವಣೆಯಲ್ಲಿ ಕನ್ನಂಗರ ತಮ್ಮ ಮತುಗಮದಲ್ಲಿಯೇ ಸೋತರು. ಮೊದಲ ಮಹಾವಿದ್ಯಾಲಯವನ್ನು ಪಡೆದ ಊರೇ ಅವರನ್ನು ಕೈಬಿಟ್ಟಿತು. ಅವರನ್ನು ಸೋಲಿಸಿದ ವಿಲ್ಮಟ್ ಪೆರೇರಾ ಅವರೂ ವಿದ್ಯಾಪ್ರೇಮಿಗಳೇ. 1934ರಲ್ಲಿ ಕವಿ ರವೀಂದ್ರನಾಥ ಠಾಕೂರರ ಕೈಯಿಂದ ಅಸ್ತಿಭಾರ ಹಾಕಿಸಿ, ಹೊರಣದಲ್ಲಿ ಶ್ರೀಪಾಲಿ ಎಂಬ ವಿದ್ಯಾಸಂಸ್ಥೆಯನ್ನು ಕಟ್ಟಿದವರು. ಸ್ವತಂತ್ರ ದೇಶದ ಮೊದಲ ಮಂತ್ರಿಮಂಡಲದಲ್ಲಿ ಉಚಿತ ಶಿಕ್ಷಣದ ಕರ್ತೃವಿಗೆ ಸ್ಥಾನವಿರಲಿಲ್ಲ. ಮುಂದೆ 1952ರಲ್ಲಿ ಅಗಲವತ್ತ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆರಿಸಿಬಂದು ಸ್ಥಳೀಯ ಆಡಳಿತದ ಮಂತ್ರಿಯಾದರು. ಶಿಕ್ಷಣ ಖಾತೆ ಮಾತ್ರ ಮರಳಿ ಅವರ ಕೈಗೆ ಬರಲಿಲ್ಲ. 1956ರಲ್ಲಿ ರಾಜಕೀಯದಿಂದ ನಿವೃತ್ತರಾದರು.

ಇಷ್ಟು ವರ್ಷ ಅಧಿಕಾರದಲ್ಲಿದ್ದವರು ತಮಗಾಗಿ ಏನನ್ನೂ ಕೂಡಿಡಲಿಲ್ಲ. ಮುಪ್ಪಿನಲ್ಲಿ ಔಷಧಿಗೂ ಹಣ ಸಾಲದ ಸ್ಥಿತಿ ಬಂದಿತು. 1963ರಲ್ಲಿ ಸರ್ಕಾರವು ಅವರ ಸೇವೆಯನ್ನು ನೆನೆದು 10,000 ರೂಪಾಯಿಗಳನ್ನು ಕೊಟ್ಟಿತು. 1965ರಲ್ಲಿ ಮಾಸಾಶನವನ್ನೂ ಮಂಜೂರು ಮಾಡಿತು. ಲಕ್ಷಾಂತರ ಮಕ್ಕಳ ಶುಲ್ಕವನ್ನು ತೆಗೆಸಿಹಾಕಿದ ವೃದ್ಧರು ತಮ್ಮ ಜೀವನಾಂಶಕ್ಕೆ ಸರ್ಕಾರದ ಕೈ ನೋಡಬೇಕಾಯಿತೆಂದರೆ ಮನ ಮರುಗುತ್ತದೆ. ಆದರೆ ಅದೇ ಅವರ ಪ್ರಾಮಾಣಿಕತೆಗೆ ದೊರೆತ ದೊಡ್ಡ ಪ್ರಶಸ್ತಿಪತ್ರವೂ ಹೌದು. 1969ರ ಸೆಪ್ಟೆಂಬರ್ 23ರಂದು, ತಮ್ಮ 84ನೆಯ ವಯಸ್ಸಿನಲ್ಲಿ, ಅವರು ಕೊಲಂಬೊದಲ್ಲಿ ಕೊನೆಯುಸಿರೆಳೆದರು. ಮತುಗಮದ ಮಹಾವಿದ್ಯಾಲಯವು ಈಗ ಅವರ ಹೆಸರನ್ನೇ ಹೊತ್ತಿದೆ.

ಬಿತ್ತಿದ ಬೀಜದ ಫಲ

ಕನ್ನಂಗರ ಬಿತ್ತಿದ ಬೀಜ ಹುಸಿಹೋಗಲಿಲ್ಲ. ಶ್ರೀಲಂಕೆಯಲ್ಲಿ ಇಂದು ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಅಕ್ಷರಸ್ಥರು. ಹೆಣ್ಣುಮಕ್ಕಳು ಪ್ರೌಢಶಾಲೆಯಲ್ಲಿ ಗಂಡುಮಕ್ಕಳಿಗಿಂತ ಹಿಂದೆ ಬಿದ್ದಿಲ್ಲ. 1980ರಿಂದ ಪಠ್ಯಪುಸ್ತಕಗಳನ್ನೂ 1993ರಿಂದ ಸಮವಸ್ತ್ರದ ಬಟ್ಟೆಯನ್ನೂ ಸರ್ಕಾರ ಉಚಿತವಾಗಿ ಕೊಡತೊಡಗಿತು. ಸರ್ಕಾರಿ ಶಾಲೆಗಳಲ್ಲಿ ಪ್ರತಿ ಮಗುವಿಗೂ ಅದರ ಧರ್ಮದ ಬೋಧನೆ ಪಾಠವಾಗಿಯೇ ಇದೆ. ಕಥೋಲಿಕ ಮಗು ಕಥೋಲಿಕ ಧರ್ಮವನ್ನು ಅಭ್ಯಾಸ ಮಾಡುತ್ತದೆ.

ಕೊರತೆಗಳನ್ನೂ ಮರೆಮಾಚಬಾರದು. ಚಹಾ ತೋಟಗಳಲ್ಲಿ ದುಡಿಯುತ್ತಿದ್ದ ಭಾರತೀಯ ಮೂಲದ ತಮಿಳರ ಮಕ್ಕಳಿಗೆ ಈ ಬೆಳಕು ಬಹುಕಾಲ ತಲುಪಲಿಲ್ಲ. ತೋಟದ ಶಾಲೆಗಳನ್ನು ಸರ್ಕಾರ ವಹಿಸಿಕೊಂಡದ್ದು 1970ರ ದಶಕದಲ್ಲಿ. ಓದಿದ ಯುವಕರ ಸಂಖ್ಯೆ ಬೆಳೆದಂತೆ ಉದ್ಯೋಗಗಳು ಬೆಳೆಯಲಿಲ್ಲ. ಅದರ ಬೇಗುದಿ 1971ರ ಯುವಜನರ ದಂಗೆಯಲ್ಲಿ ಸಿಡಿಯಿತು. ಶಾಲೆಯ ಬಾಗಿಲನ್ನು ತೆರೆಯುವುದು ಮೊದಲ ಹೆಜ್ಜೆ; ಅದೊಂದರಿಂದಲೇ ಎಲ್ಲವೂ ಸರಿಹೋಗದು ಎಂಬುದಕ್ಕೆ ಇವು ಸಾಕ್ಷಿ.

ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಎಂಟನೆಯ ತರಗತಿಯವರೆಗೆ, ಉಚಿತ ಶಿಕ್ಷಣದ ಹಕ್ಕನ್ನು ನೀಡಿತು. ಆ ಗೆರೆಯನ್ನು ದಾಟಿದ ಬಡ ಮಗುವಿನ ಭಾರವನ್ನು ಯಾರು ಹೊರಬೇಕು? ಸರ್ಕಾರದ ಕರ್ತವ್ಯ ಸರ್ಕಾರಕ್ಕಿರಲಿ. ನಮ್ಮ ಕರ್ತವ್ಯವೂ ನಮಗಿದೆ. ನಮ್ಮ ಧರ್ಮಕೇಂದ್ರದ ಕುಟುಂಬಗಳಲ್ಲಿ ಒಂಬತ್ತನೆಯ, ಹತ್ತನೆಯ ತರಗತಿಯ ಹೊಸ್ತಿಲಲ್ಲಿ ನಿಂತುಹೋದ ಮಗು ಯಾವುದಾದರೂ ಇದೆಯೇ ಎಂದು ಪ್ರತಿಯೊಬ್ಬರೂ ಅಕ್ಕಪಕ್ಕದ ಮನೆಯ ಕಡೆಗೆ ಕಣ್ಣು ಹಾಯಿಸಿ ನೋಡಬಹುದು. ಅದು ಕ್ರೈಸ್ತ ಮಗುವೇ ಆಗಬೇಕೆಂದಿಲ್ಲ. ಅಂಬಲಂಗೊಡದಲ್ಲಿ ಒಬ್ಬ ಪಾದ್ರಿ ಒಬ್ಬ ಬಾಲಕನನ್ನು ಗುರುತಿಸಿ ಕೈಹಿಡಿದದ್ದರಿಂದಲೇ ಈ ಕಥೆಯೆಲ್ಲ ಆರಂಭವಾಯಿತೆಂಬುದನ್ನು ನಾವು ಮರೆಯದಿರೋಣ.

ನೂರು ವರ್ಷ ತುಂಬಿದ ನಮ್ಮ ದೇವಾಲಯದ ಗಂಟೆ ಮುಂದೆಯೂ ಮೊಳಗುತ್ತಿರಲಿ. ಅದರ ಪಕ್ಕದ ಶಾಲೆಯ ಗಂಟೆಯ ಕರೆ ಹಣವಿಲ್ಲದ ಮನೆಯ ಮಗುವಿಗೂ ತಲುಪುವಂತೆ ಮಾಡುವ ಸದ್ಬುದ್ಧಿಯನ್ನು ದಯಾಮಯನಾದ ದೇವರು ನಮಗೆಲ್ಲರಿಗೂ ಅನುಗ್ರಹಿಸಲೆಂದು ಪ್ರಾರ್ಥಿಸಿ, ಈ ಲೇಖನವನ್ನು ಮುಗಿಸುತ್ತೇವೆ.